ಬೆಂಕಿಗೆ ಆಗುವ ಗ್ಲೌಸ್

ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ ತೀರಿಹೋದ ಪಿ.ಟಿ. ಟೀಚರ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಸಂಚಿಕೆಯ ಕೆಲಸ ನೋಡುವ ಮಾಷ್ಟ್ರು ನನ್ನನ್ನು ಕೇಳಿದರು. ಕೇಳಿ ಹೊರಟವರು ಬಾಗಿಲಲ್ಲಿ ನಿಂತು, "ಶಿಬಿರದ ವಿಷಯ ಮಾತ್ರ ಬೇಡ ಟೀಚರೇ. ತೀರಿಹೋದವರ ಬಗ್ಗೆ ಒಳ್ಳೆಯದನ್ನೇ ಹೇಳುವ, ಅಲ್ವಾ?" ಎಂದರು. ನಾನು ಬರೆದುಕೊಡಲಿಲ್ಲ. ಶಿಬಿರದ ವಿಷಯ ತೆಗೆದರೆ ಅವರ ಬಗ್ಗೆ ಹೇಳುವ ಒಳ್ಳೆಯದು ಎಂತ ಉಳಿಯುತ್ತದೆ? ಕೊನೆಗೆ ಸಂಚಿಕೆಯಲ್ಲಿ ಬಂದದ್ದು ಅವರದ್ದೊಂದು ಸಣ್ಣ ಫೋಟೋ, ಅದರ ಕೆಳಗೆ 'ಸಹನಾಮೂರ್ತಿ' ಎಂಬ ಒಂದು ಪದ. ಓದಿ ನನಗೆ ಮೈಯೆಲ್ಲ ಉರಿಯಿತು. ಅವರ ಹಗೆಗಳು ಕೂತು ಹುಡುಕಿದರೂ ಅವರಿಗೆ ಅದಕ್ಕಿಂತ ದೊಡ್ಡ ಅವಮಾನ ಸಿಗುತ್ತಿರಲಿಲ್ಲ.

ಅವರು ನಮ್ಮ ಪಿ.ಟಿ. ಟೀಚರ್. ಕಾಸರಗೋಡು ಕಡೆಯ ಮುಳ್ಳೇರಿಯದಿಂದ ಒಳಗೆ ಹೋದರೆ ಸಿಗುವ ನಮ್ಮ ಅನುದಾನಿತ ಶಾಲೆಯಲ್ಲಿ ನಾನು ಕನ್ನಡ ಕಲಿಸುವವಳು, ಅವರು ಮಕ್ಕಳನ್ನು ಓಡಿಸುವವರು. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರದು ಒಂದೇ ಮೇಜು. ಊರಿನವರು ಯಾರೂ ಅವರ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಬಸ್ಸಿನಲ್ಲಿ, ರೇಷನ್ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ಎಲ್ಲ ಕಡೆ ಪಿ.ಟಿ. ಟೀಚರ್. ಎತ್ತರದ ಹೆಂಗಸು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿ, ಕೊರಳಿಗೆ ಪೀಪಿ ನೇತುಹಾಕಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಲ್ಲುತ್ತಿದ್ದರು. ಎಡನೀರು ಕಡೆಯವರು. ಮನೆಮಾತು ತುಳು. ಪಾಠ ಮಾಡುವಾಗ ಕನ್ನಡ, ಕಚೇರಿಯಲ್ಲಿ ಮಲಯಾಳ, ಸಿಟ್ಟು ಬಂದಾಗ ತುಳು. ನಮಗೆ ಅವರ ತುಳುವೇ ಹೆಚ್ಚು ಪರಿಚಯ.

ಸಿಟ್ಟು ಎಂದರೆ ಸುಮ್ಮನೆ ಹಾರಾಡುವ ಸಿಟ್ಟಲ್ಲ. ಒಮ್ಮೆ ಖಾಸಗಿ ಬಸ್ಸಿನವರು ನಮ್ಮ ಮಕ್ಕಳಿಗೆ ನಿಲ್ಲಿಸದೆ ಹೋಗಲು ಶುರು ಮಾಡಿದರು. ರಿಯಾಯಿತಿ ಟಿಕೇಟಿನ ಮಕ್ಕಳು ಹತ್ತಿದರೆ ಅವರಿಗೆ ನಷ್ಟವಂತೆ. ನಾವೆಲ್ಲ ಸೇರಿ ಆರ್.ಟಿ.ಓ.ಗೆ ಅರ್ಜಿ ಕೊಡುವ ಮಾತಾಡುತ್ತಿದ್ದೆವು. ಇವರು ಮರುದಿನ ಸಂಜೆ ರಸ್ತೆಯ ನಟ್ಟನಡುವೆ ನಿಂತು, ಆಟದ ಬಯಲಿನಲ್ಲಿ ಊದಿದ ಹಾಗೆ ಪೀಪಿ ಊದಿದರು. ಬಸ್ಸು ಅವರ ಮೂತಿಯ ಹತ್ತಿರ ಬಂದು ನಿಂತಿತು. ಡ್ರೈವರ್ ಬೈದ. ಇವರು ಸರಿಯಲಿಲ್ಲ. ಕೊನೆಯ ಮಗು ಹತ್ತಿ ಆದ ಮೇಲೆ ಬದಿಗೆ ಬಂದು, "ಇನ್ನು ಹೋಗಬಹುದು" ಎಂದು ಕೈ ತೋರಿಸಿದರು. ಆಮೇಲೆ ಅದೇ ಡ್ರೈವರ್ ದೂರದಿಂದಲೇ ಹಾರ್ನ್ ಹಾಕಿ ಮಕ್ಕಳನ್ನು ಕರೆಯುತ್ತಿದ್ದ.

ಪ್ರತಿವರ್ಷ ಕ್ರಿಸ್ಮಸ್ ರಜೆಯಲ್ಲಿ ಏಳನೆಯ ತರಗತಿಯ ಮಕ್ಕಳಿಗೆ ಅವರು ಸಹವಾಸ ಶಿಬಿರ ನಡೆಸುತ್ತಿದ್ದರು. ಶಾಲೆಯ ಹಿಂದಿನ ಗುಡ್ಡದ ಮೇಲೆ ಮುರಕಲ್ಲಿನ ಬೋಳು ಪಾರೆ, ಅಗಲವಾದ ಕಲ್ಲುಹಾಸು, ಉಂಟು. ಅಲ್ಲಿ ಮೂರು ಕಲ್ಲು ಇಟ್ಟು ಒಲೆ, ಒಲೆಯಲ್ಲಿ ಗಂಜಿ, ಸಂಜೆಯಾದರೆ ನಡುವೆ ಬೆಂಕಿ ಹಾಕಿ ಸುತ್ತ ಕೂತು ಹಾಡು. ಮೊಬೈಲಿನಿಂದ ಕಣ್ಣೆತ್ತದ ಮಕ್ಕಳು ಅಲ್ಲಿ ಸೌದೆ ಹೊತ್ತು, ಗೆಣಸು ಸುಟ್ಟು, ಮಸಿ ಬಳಿದುಕೊಂಡು ನಗುತ್ತಿದ್ದವು. ಟೀಚರಿಗೆ ಬೆಂಕಿಯ ಭಯ ಇರಲಿಲ್ಲ. ಬೆಂಕಿಯ ಹತ್ತಿರ ಬರುವ ಸಾಮಾನಿನ ಬಗ್ಗೆ ಮಾತ್ರ ಭಯಂಕರ ಹಟ.

ಒಂದು ವರ್ಷ ಗ್ಲೌಸ್ ತರಲು ಬೋವಿಕಾನಕ್ಕೆ ಹೊರಟವರು ನನ್ನನ್ನೂ ಎಳೆದುಕೊಂಡು ಹೋದರು. ಅಬ್ದುಲ್ಲಚ್ಚನ ಹಾರ್ಡ್‌ವೇರ್ ಅಂಗಡಿ. ಅಬ್ದುಲ್ಲಚ್ಚ ಮೊದಲು ಬಣ್ಣಬಣ್ಣದ, ಅಂಗೈಗೆ ರಬ್ಬರ್ ಹಚ್ಚಿದ ಒಂದು ಜೊತೆ ತೆಗೆದಿಟ್ಟರು.

"ಇದು ಚಂದ ಉಂಟು. ಈಗ ಎಲ್ಲ ಇದೇ ಕೊಂಡುಹೋಗುವುದು ಟೀಚರೇ."

"ಎಂತಕ್ಕೆ ಕೊಂಡುಹೋಗುವುದು?"

"ತೋಟಕ್ಕೆ, ಕಲ್ಲು ಹೊರಲಿಕ್ಕೆ."

"ನನಗೆ ಕೆಂಡಕ್ಕೆ ಬೇಕು." ಹೊಲಿಗೆಯಿಂದ ಒಂದು ನೂಲು ಎಳೆದು, "ಒಂದು ಕಡ್ಡಿ ಗೀರಿ ಅಬ್ದುಲ್ಲಚ್ಚ" ಎಂದರು. ನೂಲು ಉರಿಯಲಿಲ್ಲ, ಕರಗಿ ಸಾಸಿವೆಯಷ್ಟು ಕಪ್ಪು ಗುಂಡು ಆಯಿತು. "ನೋಡಿ. ಇದು ಕೈಮೇಲೆ ಹೀಗೆ ಆದರೆ ಚರ್ಮವನ್ನೂ ಹಿಡಿದುಕೊಂಡೇ ಬರುತ್ತದೆ. ಬಟ್ಟೆ ಆದರೆ ಬೂದಿಯಾಗಿ ಉದುರುತ್ತದೆ."

ಅಬ್ದುಲ್ಲಚ್ಚ ಒಳಗಿನಿಂದ ವೆಲ್ಡಿಂಗಿನವರ ಚರ್ಮದ ಗ್ಲೌಸ್ ತಂದರು. ಅದನ್ನೂ ಇವರು ಸುಮ್ಮನೆ ಒಪ್ಪಲಿಲ್ಲ. ತೋಳು ಮೊಣಕೈಯವರೆಗೆ ಬರುತ್ತದಾ, ಒಳಗೆ ಹತ್ತಿಬಟ್ಟೆಯ ಪದರ ಉಂಟಾ, ಬೆರಳ ಸಂದಿಯಲ್ಲಿ ಹೊಲಿಗೆ ಎರಡು ಸಾಲು ಉಂಟಾ ಎಂದು ತಿರುವಿ ನೋಡಿದರು. ಹಾಕಿಕೊಂಡು ಕೈ ಕೆಳಗೆ ಮಾಡಿ ಒಮ್ಮೆ ಕೊಡವಿದರು. ಗ್ಲೌಸ್ ತಾನಾಗಿ ಕಳಚಿ ನೆಲಕ್ಕೆ ಬಿತ್ತು. "ಇದು ಮುಖ್ಯ. ಒಳಗೆ ಬಿಸಿ ಏರಿದರೆ ಎಳೆಯುತ್ತಾ ಕೂರಲಿಕ್ಕೆ ಆಗುವುದಿಲ್ಲ. ಕೊಡವಿದರೆ ಬೀಳಬೇಕು." ಮತ್ತೆ ಹಾಕಿಕೊಂಡು, ನೆಲದಲ್ಲಿ ಬಿದ್ದ ಬೆಂಕಿಕಡ್ಡಿ ಹೆಕ್ಕಲು ನೋಡಿದರು. ಎರಡು ಸಲ ಜಾರಿತು, ಮೂರನೆಯ ಸಲ ಸಿಕ್ಕಿತು. ಅಷ್ಟಕ್ಕೇ ಮುಗಿಯಲಿಲ್ಲ. ಪಕ್ಕದ ಚಾದ ಅಂಗಡಿಗೆ ನುಗ್ಗಿ, ಒಲೆಯ ಮೇಲಿನ ಹಾಲಿನ ಪಾತ್ರೆಯ ಬುಡವನ್ನೇ ಎರಡೂ ಕೈಯಲ್ಲಿ ಎತ್ತಿ ಹಿಡಿದು, ಅಂಗಡಿಯವನ ಹತ್ತಿರ ಅವನ ತಾಯಿಯ ಮಂಡಿನೋವು, ತಂಗಿಯ ಮದುವೆ, ಎಲ್ಲ ವಿಚಾರಿಸಿದರು. ಅವನ ಕಣ್ಣೆಲ್ಲ ಪಾತ್ರೆಯ ಮೇಲೆಯೇ. ಮಾತು ಸಾವಕಾಶ ಮುಗಿಸಿ ಪಾತ್ರೆ ಇಳಿಸಿ, "ಆಗ್ತದೆ" ಎಂದರು.

ಬಸ್ಸಿಗೆ ಕಾಯುವಾಗ ನಾನು ಕೇಳಿದೆ, "ಚಿಕ್ಕದಿರುವಾಗ ನಿಮ್ಮ ಕೈಯೋ, ಮನೆಯಲ್ಲಿ ಯಾರದ್ದಾದರೂ ಕೈಯೋ ಸುಟ್ಟಿತ್ತಾ ಟೀಚರೇ?"

"ಅಂಥ ಕತೆ ಎಂತದೂ ಇಲ್ಲ ಮಾರಾಯ್ರೆ. ಸುಟ್ಟ ಮೇಲೆಯೇ ಬುದ್ಧಿ ಬರಬೇಕು ಅಂತ ಉಂಟಾ?"

ಆ ಗ್ಲೌಸ್‌ಗಳನ್ನು ಅವರು ಮಕ್ಕಳ ಹಾಗೆ ಸಾಕಿದರು. ಒದ್ದೆ ಮಾಡಲು ಬಿಡುತ್ತಿರಲಿಲ್ಲ. ಒದ್ದೆ ಚರ್ಮ ಬೆಂಕಿಯ ಹತ್ತಿರ ಹೋದರೆ ಒಳಗೇ ಹಬೆ ಎದ್ದು ಕೈ ಬೇಯುತ್ತದೆ ಎಂದು ಎಲ್ಲರಿಗೂ ಹೇಳುವರು. ಶಿಬಿರ ಮುಗಿದ ಮೇಲೆ ನೆರಳಲ್ಲಿ ಆರಿಸಿ, ಎಣ್ಣೆ ಸವರಿ, ಮುಂದಿನ ವರ್ಷಕ್ಕೆ ಕಪಾಟಿನಲ್ಲಿ ಇಡುವರು. ಮಸಿ ಹಿಡಿದು ಕಪ್ಪಾಗಿದ್ದವು, ಗಟ್ಟಿಯಾಗಿದ್ದವು. ಆ ಒಲೆಯ ಹತ್ತಿರ ಅಷ್ಟು ವರ್ಷ ಒಬ್ಬರ ಕೈಯಲ್ಲೂ ಒಂದು ಬೊಕ್ಕೆ ಎದ್ದಿರಲಿಲ್ಲ.

ಇನ್ನು ಆ ವರ್ಷದ್ದು ಹೇಳುತ್ತೇನೆ.

ನಮ್ಮ ಶಾಲೆಯ ಮಾಲಕರಾದ ಮ್ಯಾನೇಜರರ ಪರಿಚಯದ, ಗಲ್ಫಿನಲ್ಲಿರುವ ಒಬ್ಬರು ಶಿಬಿರಕ್ಕೆ ಸಾಮಾನು ಕೊಡಿಸಿದರು. ಟೊಪ್ಪಿ, ಟೀ ಶರ್ಟು, ಜೊತೆಗೆ ಕೆಂಪು ಕಪ್ಪು ಬಣ್ಣದ ಗ್ಲೌಸ್. ಎಲ್ಲದರ ಮೇಲೂ ಶಾಲೆಯ ಹೆಸರು, ಕೊಟ್ಟವರ ಹೆಸರು. ಆನ್‌ಲೈನಿನಲ್ಲಿ ತರಿಸಿದ್ದು. ಪೆಟ್ಟಿಗೆಯ ಮೇಲೆ ಬೆಂಕಿಯ ಚಿತ್ರ ಬಿಡಿಸಿ 'ಹೀಟ್ ಪ್ರೂಫ್' ಎಂದು ಬರೆದಿತ್ತು. ಪಿ.ಟಿ. ಟೀಚರ್ ಸ್ಟಾಫ್ ರೂಮಿನಲ್ಲೇ ಒಂದು ನೂಲು ಎಳೆದು ಕಡ್ಡಿ ಗೀರಿದರು. ಅದೇ ಸಾಸಿವೆ ಗುಂಡು. ಪೆಟ್ಟಿಗೆ ಎತ್ತಿಕೊಂಡು ಸೀದಾ ಮ್ಯಾನೇಜರರ ಕೋಣೆಗೆ ಹೋದರು. ನಾನೂ ಹಿಂದೆ ಹೋದೆ.

"ಸಾರ್, ಇದು ಬೆಂಕಿಗೆ ಆಗುವುದಿಲ್ಲ. ತೋಟಕ್ಕೆ ಆಗ್ತದೆ. ಮಕ್ಕಳ ಕೈತೋಟಕ್ಕೆ ಇಡುವ."

"ಬರೆದದ್ದು ಉಂಟಲ್ಲ ಟೀಚರೇ, ಓದಿ."

"ಬರೆದವನು ಹಾಕಿಕೊಳ್ಳುವುದಿಲ್ಲವಲ್ಲ ಸಾರ್."

ಮ್ಯಾನೇಜರರಿಗೆ ಉತ್ತರ ಸಿಗದಾಗ ಕನ್ನಡ ಬಿಟ್ಟು ಮಲಯಾಳಕ್ಕೆ ಹೋಗುವ ಅಭ್ಯಾಸ. ಕೊಟ್ಟವರ ಮನಸ್ಸು ನೋಯಿಸಬಾರದು ಎಂದು ಮಲಯಾಳದಲ್ಲಿ ಸುಮಾರು ಹೇಳಿದರು. ಟೀಚರ್ ಕೇಳಿಸಿಕೊಂಡು, ಪೆಟ್ಟಿಗೆಯನ್ನು ಅವರ ಮೇಜಿನ ಮೇಲೆಯೇ ಇಟ್ಟು ಬಂದರು. ಪಾರೆಯ ಒಲೆಯ ಪಕ್ಕದಲ್ಲಿ ತಮ್ಮ ಹಳೆಯ ಚರ್ಮದ ಜೊತೆಯನ್ನು ಇಟ್ಟು ಅಡುಗೆಯ ಲಲಿತಕ್ಕನಿಗೆ, "ಇದನ್ನಲ್ಲದೆ ಬೇರೆ ಹಾಕಬೇಡ" ಎಂದರು. ಲಲಿತಕ್ಕ ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುವವಳು. ಮೆತ್ತಗಿನ ಹೆಂಗಸು, ಯಾರು ಎಂತ ಹೇಳಿದರೂ "ಆಯ್ತು" ಎನ್ನುವವಳು.

ಶಿಬಿರದ ಮೊದಲ ದಿನ ಸಂಜೆ ಪಿ.ಟಿ. ಟೀಚರ್ ಅರ್ಧ ಮಕ್ಕಳನ್ನು ಗುಡ್ಡದ ಬದಿಗೆ, ನೀರಿಗಾಗಿ ಅಡ್ಡ ಕೊರೆದ ಸುರಂಗದಿಂದ ನೀರು ಬರುವುದನ್ನು ತೋರಿಸಲು ಕರೆದುಕೊಂಡು ಹೋಗಿದ್ದರು. ಉಳಿದ ಮಕ್ಕಳು ನನ್ನ ಜೊತೆ ತಟ್ಟೆ ಇಟ್ಟುಕೊಂಡು ಒಲೆಯ ಸುತ್ತ ಕೂತಿದ್ದವು. ಪಾಯಸ ಆಗಿತ್ತು. ಆಗ ಮ್ಯಾನೇಜರರು ಕ್ಯಾಮರಾದವನನ್ನು ಕರೆದುಕೊಂಡು ಬಂದರು. ಬೆಳಕು ಹೋಗುವ ಮೊದಲು ಫೋಟೋ ಆಗಬೇಕಿತ್ತು. ಒಲೆಯ ಬಳಿ ಇದ್ದ ಕಪ್ಪು ಗ್ಲೌಸ್ ನೋಡಿ, "ಈ ಕೊಳಕನ್ನು ತೆಗೆದು ಆಚೆ ಇಡಿ. ಕೊಟ್ಟವರು ನೋಡಿದರೆ ಎಂತ ಹೇಳಿಯಾರು?" ಎಂದರು. ಅವರ ಡ್ರೈವರ್ ಅದನ್ನು ಕಾರಿನ ಡಿಕ್ಕಿಯಲ್ಲಿ ಹಾಕಿದ. ಹೊಸ ಜೊತೆಯನ್ನು ಮ್ಯಾನೇಜರರೇ ಲಲಿತಕ್ಕನ ಕೈಗೆ ಕೊಟ್ಟರು.

"ಟೀಚರ್ ಬೇಡ ಹೇಳಿದ್ದಾರೆ" ಎಂದಳು ಲಲಿತಕ್ಕ. ಅವಳು ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಶಾಲೆ ಟೀಚರದ್ದಾ, ನನ್ನದಾ?"

ನಾನೂ ಬಾಯಿ ಹಾಕಿದೆ, "ಸಾರ್, ಟೀಚರ್ ಬರಲಿ, ಈಗ ಬರ್ತಾರೆ" ಎಂದೆ. "ಒಂದು ಫೋಟೋಕ್ಕೆ ಇಷ್ಟು ಮಾತಾ?" ಎಂದು ನನ್ನ ಕಡೆ ನೋಡದೆ ಹೇಳಿದರು. ಲಲಿತಕ್ಕ ಹಾಕಿಕೊಂಡಳು. ಪಾರೆಯ ಮೇಲೆ ಗಾಳಿ ಜೋರು. ಬೆಂಕಿ ಒಲೆಯಿಂದ ಹೊರಗೆ ಬಾಗಿ ಪಾತ್ರೆಯ ಹಿಡಿಗಳನ್ನೇ ನೆಕ್ಕುತ್ತಿತ್ತು. ಅವಳು ಎತ್ತಿದಳು. ಕ್ಯಾಮರಾದವನು, "ಹಾಗೇ ಇರಿ, ಇತ್ತ ನೋಡಿ" ಎಂದ.

ರಬ್ಬರ್ ಸುಟ್ಟ ವಾಸನೆ ಬಂತು. ಲಲಿತಕ್ಕನ ಮುಖ ಬಿಳಿಚಿತು. ಕೈ ಬಿಟ್ಟಿದ್ದರೆ ಕುದಿಯುವ ಬೆಲ್ಲದ ಪಾಯಸ ಕಾಲಬುಡದಲ್ಲಿ ಕೂತ ಮಕ್ಕಳ ಮೇಲೆ. ಅವಳು ಬಿಡಲಿಲ್ಲ. ತುಟಿ ಕಚ್ಚಿ ತಿರುಗಿ, ಮಕ್ಕಳಿಲ್ಲದ ಕಡೆಗೆ ಹೋಗಿ, ಬಾಗಿ ಪಾತ್ರೆಯನ್ನು ಕಲ್ಲಿನ ಮೇಲೆ ಇಟ್ಟಳು. ಆಮೇಲೆ ಕೂಗಿದಳು. ಆ ಕೂಗನ್ನು ನಾನು ಬರೆಯಲಾರೆ.

ಪಿ.ಟಿ. ಟೀಚರ್ ಗುಡ್ಡ ಹತ್ತಿ ಓಡಿ ಬರುವಾಗ ನಾಲ್ಕು ಜನ ಸೇರಿ ಗ್ಲೌಸ್ ಎಳೆಯಲು ನೋಡುತ್ತಿದ್ದರು. "ಎಳೆಯಬೇಡಿ! ಚರ್ಮ ಬರ್ತದೆ! ನೀರು ಹೊಯ್ಯಿರಿ!" ಎಂದು ದೂರದಿಂದಲೇ ಚೀರಿದರು. ಮಕ್ಕಳು ತಮ್ಮ ತಮ್ಮ ಬಾಟ್ಲಿ ತಂದುಕೊಟ್ಟವು. ಟೀಚರ್ ಲಲಿತಕ್ಕನನ್ನು ಮಡಿಲಿಗೆ ಒರಗಿಸಿಕೊಂಡು ಬಾಟ್ಲಿಯ ಮೇಲೆ ಬಾಟ್ಲಿ ಹೊಯ್ದರು. ಕಾರಿನ ಹತ್ತಿರ ತಂದಾಗ ಡ್ರೈವರ್ ಮ್ಯಾನೇಜರರ ಮುಖ ನೋಡಿ, "ಸೀಟು ಒದ್ದೆ ಆಗ್ತದಲ್ಲ" ಎಂದ. ಅವನು ಡಿಕ್ಕಿ ತೆರೆದು ಹಳೆಯ ಪೇಪರ್ ಹುಡುಕಲು ಹೋದ. ಅಲ್ಲಿ ಪೇಪರಿನ ಮೇಲೆಯೇ ಆ ಚರ್ಮದ ಗ್ಲೌಸ್ ಬಿದ್ದಿತ್ತು. ಟೀಚರ್ ಅದನ್ನು ನೋಡಿದರು. ಮ್ಯಾನೇಜರರನ್ನು ನೋಡಿದರು. ಗ್ಲೌಸನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಯಾರೋ ತಂದ ನೀರಿನ ಬಕೆಟ್ ಸಮೇತ ಹಿಂದಿನ ಸೀಟಿಗೆ ಹತ್ತಿ, ಲಲಿತಕ್ಕನ ಕೈ ಬಕೆಟಿಗೆ ಹಾಕಿ, ಬಾಗಿಲು ಎಳೆದುಕೊಂಡರು.

ಕಾಸರಗೋಡಿನ ಆಸ್ಪತ್ರೆಯಲ್ಲಿ ಲಲಿತಕ್ಕ ತುಂಬಾ ದಿನ ಇದ್ದಳು. ತೊಡೆಯ ಚರ್ಮ ತೆಗೆದು ಅಂಗೈಗೆ ಹಾಕಿದರು. ಬಲಗೈಯ ಎರಡು ಬೆರಳು ಒಳಗೆ ಬಾಗಿ ಹಾಗೇ ಉಳಿದವು.

ಮ್ಯಾನೇಜರರು ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ 'ಅಡುಗೆಯವರ ಅಜಾಗ್ರತೆಯಿಂದ ಸಣ್ಣ ಅವಘಡ' ಎಂದು ಹಾಕಿದರು. ಜವಾಬ್ದಾರಿಯ ಟೀಚರ್ ಸ್ಥಳದಲ್ಲಿ ಇರಲಿಲ್ಲ ಎಂದು ಇನ್ನೊಂದು ಸಾಲು. ಹೆಡ್ಮಾಷ್ಟ್ರು ಒಳ್ಳೆಯವರು, ಪೆನ್ಶನ್ ಹತ್ತಿರ ಬಂದವರು. ಪಿ.ಟಿ. ಟೀಚರನ್ನು ಕರೆದು, "ಲಲಿತನ ಕೈಯಲ್ಲಿ ಒದ್ದೆ ಬಟ್ಟೆ ಇತ್ತು ಅಂತ ಒಂದು ಮಾತು ಹೇಳಿಬಿಡಿ. ಎಲ್ಲರಿಗೂ ಒಳ್ಳೆಯದಾಗ್ತದೆ" ಎಂದರು.

"ಎಲ್ಲರಲ್ಲಿ ಲಲಿತ ಇದ್ದಾಳಾ ಮಾಷ್ಟ್ರೇ?" ಎಂದು ಕೇಳಿದರಂತೆ. ಹೆಡ್ಮಾಷ್ಟ್ರು ಫ್ಯಾನು ನೋಡಿದರಂತೆ.

ಜನವರಿಯಲ್ಲಿ ಪಿ.ಟಿ.ಎ. ಸಭೆ. ಲಲಿತಕ್ಕನ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುವ ವಿಷಯ ಅಜೆಂಡಾದಲ್ಲಿತ್ತು. ಮಕ್ಕಳ ತಂದೆತಾಯಿಗಳಿಂದ ಸಭಾಂಗಣ ತುಂಬಿತ್ತು. ಮ್ಯಾನೇಜರರು ಮಾತು ಶುರು ಮಾಡಿ, ಗ್ಲೌಸ್ ಉತ್ತಮ ಗುಣಮಟ್ಟದ್ದು, ಉಪಯೋಗಿಸಲು ಗೊತ್ತಿಲ್ಲದಿದ್ದರೆ ಯಾರು ಎಂತ ಮಾಡುವುದು ಎಂದರು. ಪಿ.ಟಿ. ಟೀಚರ್ ಎದ್ದು ಹೊರಗೆ ಹೋದರು. ಸಿಟ್ಟಿನಲ್ಲಿ ಮನೆಗೆ ಹೋದರೆಂದು ನಾನು ಎಣಿಸಿದೆ. ಸ್ವಲ್ಪ ಹೊತ್ತಿಗೆ ಶಾಲೆಯ ಅಡುಗೆಕೋಣೆಯಿಂದ ಕೆಂಡ ತುಂಬಿದ ಕಬ್ಬಿಣದ ಒಲೆ ಹಿಡಿದುಕೊಂಡು ಬಂದರು. ಕೈಯಲ್ಲಿ ಅದೇ ಹಳೆಯ ಚರ್ಮದ ಗ್ಲೌಸ್. ಒಲೆಯನ್ನು ವೇದಿಕೆಯ ಎದುರು ಇಟ್ಟರು. ಅದರ ಮೇಲೆ ಒಂದು ಬಾಣಲೆ ಇಟ್ಟರು. ಪೆಟ್ಟಿಗೆಯಲ್ಲಿ ಉಳಿದ ಹೊಸ ಗ್ಲೌಸ್‌ಗಳಿಂದ ಒಂದು ಜೊತೆ ತೆಗೆದು ಮ್ಯಾನೇಜರರ ಮೇಜಿನ ಮೇಲೆ ಇಟ್ಟರು.

"ಉತ್ತಮ ಗುಣಮಟ್ಟದ್ದು ಅಂತ ಹೇಳಿದಿರಲ್ಲ ಸಾರ್. ಹಾಕಿಕೊಳ್ಳಿ. ಆ ಬಾಣಲೆ ಎತ್ತಿ ಇತ್ತ ಇಡಿ. ನಿಮಗೆ ಉಪಯೋಗಿಸಲು ಗೊತ್ತುಂಟಲ್ಲ."

ಮ್ಯಾನೇಜರರು ಮಲಯಾಳಕ್ಕೆ ಹೋದರು. ಟೀಚರೂ ಮಲಯಾಳದಲ್ಲೇ ಅದನ್ನು ಮತ್ತೊಮ್ಮೆ ಹೇಳಿದರು. ಬಾಣಲೆ ಕಾದು ಹೊಗೆ ಏಳತೊಡಗಿತು. ಮ್ಯಾನೇಜರರ ಎರಡು ಕೈಯೂ ಮೇಜಿನ ಕೆಳಗೆ ಹೋದವು.

"ಎಂತ ಸಾರ್? ಒಂದು ಫೋಟೋ ತೆಗೀಲಿಕ್ಕಾ?"

ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದಳು. ಆ ದಿನ ಅವಳ ಮಗಳು ಪಾಯಸದ ಪಾತ್ರೆಯ ಎದುರೇ ಕೂತಿದ್ದಳು. "ಲಲಿತಕ್ಕ ಕೈ ಬಿಟ್ಟಿದ್ದರೆ ನನ್ನ ಮಗಳು ಇವತ್ತು ಎಲ್ಲಿರುತ್ತಿದ್ದಳು? ಹೊಸ ಅಡುಗೆಯವರು ಬಂದರೆ ನಮ್ಮ ಮಕ್ಕಳು ಉಣ್ಣುವುದಿಲ್ಲ" ಎಂದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಲಲಿತಕ್ಕ ಬರುವವರೆಗೆ ಅಡುಗೆ ತಾವೇ ಮಾಡುತ್ತೇವೆಂದು ತಾಯಂದಿರು ಸರದಿ ಹಾಕಿಕೊಂಡು ಮರುದಿನದಿಂದಲೇ ಅಡುಗೆಕೋಣೆಗೆ ಬಂದರು. ಮ್ಯಾನೇಜರರು ಎರಡು ತಿಂಗಳು ತಡೆದು ನೋಡಿದರು. ಆಮೇಲೆ ಆಸ್ಪತ್ರೆಯ ಖರ್ಚು ಕೊಟ್ಟರು. ಲಲಿತಕ್ಕ ತಿರುಗಿ ಕೆಲಸಕ್ಕೆ ಬಂದಳು. ಭಾರ ಎತ್ತಲು ಜೊತೆಗೆ ಇನ್ನೊಬ್ಬ ಹೆಂಗಸನ್ನು ಇಟ್ಟರು.

ಇದರಿಂದ ಎಲ್ಲ ಸರಿಯಾಯಿತು ಎಂದು ತಿಳಿಯಬೇಡಿ. ಶಿಬಿರವನ್ನೇ ನಿಲ್ಲಿಸಿದರು. 'ಸುರಕ್ಷತೆಯ ಕಾರಣದಿಂದ' ಎಂದರು. ಪಿ.ಟಿ. ಪೀರಿಯಡ್‌ಗಳನ್ನು ಒಂದೊಂದಾಗಿ ಬೇರೆ ಪಾಠಗಳಿಗೆ ಕೊಟ್ಟರು. ಟೀಚರ್ ಖಾಲಿ ಬಯಲಿನ ಅಂಚಿನಲ್ಲಿ ಪೀಪಿ ಹಿಡಿದು ನಿಂತಿರುವುದನ್ನು ನಾನು ಕ್ಲಾಸಿನ ಕಿಟಕಿಯಿಂದ ನೋಡುತ್ತಿದ್ದೆ. ನಿವೃತ್ತಿಯ ದಿನ ಬೀಳ್ಕೊಡುಗೆಯ ಶಾಲು ಹೊದಿಸಲು ಮ್ಯಾನೇಜರರು ಬರುತ್ತಾರೆಂದು ಗೊತ್ತಾಗಿ, ಸಭೆ ಬೇಡವೆಂದು ಹೇಳಿ, ಮಕ್ಕಳಿಗೆ ಒಂದು ಸುತ್ತು ಓಟ ಓಡಿಸಿ, ಮಧ್ಯಾಹ್ನದ ಬಸ್ಸಿಗೆ ಮನೆಗೆ ಹೋದರು.

ಆಮೇಲೆ ಅವರಿಗೆ ಕಾಯಿಲೆ ಬಂತು. ಎಡನೀರಿನ ಮನೆಗೆ ನಾನು ಕಡೆಯ ಸಲ ಹೋದಾಗ ತುಂಬಾ ಇಳಿದುಹೋಗಿದ್ದರು. ಲಲಿತಕ್ಕ ಅಲ್ಲೇ ಇದ್ದಳು, ಬಾಗಿದ ಬೆರಳಲ್ಲಿ ಚಮಚ ಸಿಕ್ಕಿಸಿಕೊಂಡು ಗಂಜಿ ತಿನ್ನಿಸುತ್ತಿದ್ದಳು. ಮ್ಯಾನೇಜರರು ನನ್ನ ಹತ್ತಿರ ಹೇಳಿ ಕಳಿಸಿದ್ದರು, ಟೀಚರನ್ನು ನೋಡಿ ಮಾತಾಡಬೇಕಂತೆ. ನಾನು ಹೇಳಿದೆ.

"ಅವರಿಗೂ ವಯಸ್ಸಾಯ್ತು ಟೀಚರೇ. ಬರಲಿ ಬಿಡಿ."

"ಬರಲಿ. ಬೇಡ ಅಂತ ಯಾರು ಹೇಳಿದರು?" ಎಂದರು. ಉಸಿರು ಎಳೆದುಕೊಂಡು, "ಮೊದಲು ಇವಳ ಮನೆಗೆ ಹೋಗಲಿ. ಇವಳ ಹತ್ತಿರ ತಪ್ಪಾಯ್ತು ಅನ್ನಲಿ. ಆಮೇಲೆ ಇಲ್ಲಿಗೆ ಬರಲಿ, ನಾನೇ ಚಾ ಮಾಡಿಸಿ ಕೊಡ್ತೇನೆ" ಎಂದರು.

ಆ ಮಾತನ್ನು ನಾನು ಹಾಗೇ ಮುಟ್ಟಿಸಿದೆ. ಮ್ಯಾನೇಜರರು ಬರಲಿಲ್ಲ.

ಬಂದದ್ದು ಟೀಚರ್ ತೀರಿಕೊಂಡ ದಿನ. ದೊಡ್ಡದೊಂದು ಹೂವಿನ ಚಕ್ರ ಹಿಡಿದು, ಹಿಂದೆ ಇಬ್ಬರನ್ನು ಕಟ್ಟಿಕೊಂಡು ಅಂಗಳಕ್ಕೆ ಬಂದರು. ಮನೆಯವರು ದಾರಿ ಬಿಟ್ಟರು. ಲಲಿತಕ್ಕ ಬಾಗಿಲ ಮೆಟ್ಟಿಲಲ್ಲಿ ಕೂತಿದ್ದಳು. ಅವಳು ಎದ್ದು ನಿಂತಳು. ಅಳುತ್ತಿದ್ದ ದನಿಯಲ್ಲೇ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಸಾರ್, ನೀವು ಇನ್ನೂ ನನ್ನ ಮನೆಗೆ ಬಂದಿಲ್ಲ."

ಟೀಚರ ಅಣ್ಣ ಬಾಯಿ ತೆರೆದವರು ಲಲಿತಕ್ಕನ ಮುಖ ನೋಡಿ ಹಿಂದೆ ಸರಿದರು. ಮ್ಯಾನೇಜರರು "ಬರ್ತೇನೆ, ಬರ್ತೇನೆ" ಎಂದು ಗೊಣಗಿ, ಹೂವಿನ ಚಕ್ರವನ್ನು ಕಾಂಪೌಂಡಿಗೆ ಒರಗಿಸಿ ಕಾರು ಹತ್ತಿದರು.

ಅವರು ಇನ್ನೂ ಹೋಗಿಲ್ಲ. ಲಲಿತಕ್ಕನ ಮನೆ ಶಾಲೆಯ ಕೆಳಗಿನ ರಸ್ತೆಯಲ್ಲೇ, ಅವರ ಕಾರು ದಿನಾ ಅದರ ಎದುರಿನಿಂದಲೇ ಹೋಗುತ್ತದೆ.